ಗಂಡಸರೇ ಹೆತ್ತ ವಂಶ

ಹಂಪನಕಟ್ಟೆಯ ಒಬ್ಬ ವಕೀಲರ ಆಫೀಸಿನಲ್ಲಿ ನಾನು ಜೂನಿಯರ್. ಕೋರ್ಟಿನಲ್ಲಿ ಬಾಯಿ ಬಿಡುವ ಅವಕಾಶ ಇನ್ನೂ ಬಂದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಐದು ವರ್ಷ ಕಿರುಚಿ ತಂದ ಕಪ್‌ಗಳಲ್ಲಿ ಅಮ್ಮ ಈಗ ಪೆನ್ನು, ಕತ್ತರಿ, ಹಳೆ ಬ್ಯಾಟರಿ ಹಾಕಿಟ್ಟಿದ್ದಾರೆ. ಆಫೀಸಿನಲ್ಲಿ ನನ್ನ ಪಾಲಿಗೆ ಬಂದದ್ದು ಪಾಲಿನ ದಾವೆಗಳಿಗೆ ವಂಶವೃಕ್ಷ ಬರೆಯುವ ಕೆಲಸ.

ನಮ್ಮೂರಿನಲ್ಲಿ ಯಾರಿಗೂ ಅಜ್ಜನ ಅಪ್ಪ ಸುಮ್ಮನೆ ನೆನಪಾಗುವುದಿಲ್ಲ. ಹೆದ್ದಾರಿ ಅಗಲವಾಗುತ್ತದೆ ಎಂದು ಸುದ್ದಿ ಹಬ್ಬಿದ ದಿನ ನೆನಪಾಗುತ್ತಾನೆ. ಅವನಿಗೆ ಹೆಂಡತಿಯರೆಷ್ಟು, ಎರಡನೆಯವಳಿಗೆ ಮಕ್ಕಳಿದ್ದರೋ ಇಲ್ಲವೋ ಎಂಬ ವಿವರವೂ ಜೊತೆಗೇ ಬರುತ್ತದೆ. ಆಫೀಸಿನ ಮರದ ಬೆಂಚಿನಲ್ಲಿ ಕೂತ ಕಕ್ಷಿದಾರರು ತಮ್ಮ ಕಡೆಯ ಸತ್ತವರನ್ನೆಲ್ಲ ಪ್ರೀತಿಯಿಂದ ಬರೆಸುತ್ತಾರೆ. ಎದುರು ಪಕ್ಷದವರ ಅಜ್ಜಿ ಮಾತ್ರ ಅವರ ಪ್ರಕಾರ ಹುಟ್ಟಿರಲೇ ಇಲ್ಲ.

ಆದ್ದರಿಂದ ಆಸ್ತಿಯ ತಕರಾರೇ ಇಲ್ಲದೆ, ಬರೀ ಖುಷಿಗಾಗಿ ವಂಶವೃಕ್ಷ ಬರೆಯುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ತಿಳಿದಾಗ ನನಗೆ ಮೊದಲು ಬಂದದ್ದು ಅನುಮಾನ.

ಅಂಥವರು ನಮಗೆ ಸಂಬಂಧಿಕರಾಗುವವರಿದ್ದರು. ನನ್ನ ಅಕ್ಕ ದೋಹಾದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿಯ ಹೋಟೆಲುಗಳಲ್ಲಿ ಬೆಂಕಿ ಬಿದ್ದರೆ ಜನ ಹೊರಗೆ ಓಡಲು ದಾರಿ ಸರಿಯುಂಟೋ ಎಂದು ಪರೀಕ್ಷಿಸುವ ಅಮೆರಿಕದವನೊಬ್ಬ ಸೊಂಟ ಹಿಡಿದುಕೊಂಡು ಅವಳ ಬಳಿಗೆ ಬಂದ. ಸೊಂಟ ಸರಿಯಾಯಿತು, ಅವನು ಬರುವುದು ನಿಲ್ಲಲಿಲ್ಲ. ಅವನ ಮುತ್ತಜ್ಜಂದಿರು ಐರ್ಲೆಂಡಿನಿಂದ ಬಾಸ್ಟನ್ ಕಡೆಗೆ ಹಡಗು ಹತ್ತಿದವರು. ಈಗ ನಾನವನನ್ನು ಭಾವ ಎನ್ನುತ್ತೇನೆ. ಆಗ ನಮ್ಮ ಮನೆಯಲ್ಲಿ ಅವನನ್ನು ‘ಆ ಜನ’ ಎಂದಷ್ಟೇ ಕರೆಯುತ್ತಿದ್ದರು.

ದೊಡ್ಡ ಮಾವ, ಅಂದರೆ ಅಮ್ಮನ ಅಣ್ಣ, ಆ ಜನದ ಬಣ್ಣ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ಬೈಕಂಪಾಡಿಯಲ್ಲಿ ಗೋಡಂಬಿ ತುಂಬುವ ತಗಡಿನ ಡಬ್ಬ ಮಾಡುವ ಕಾರ್ಖಾನೆ ಅವರದು. ಡಬ್ಬದ ಮೂಲೆಯಲ್ಲಿ ಗಾಳಿ ಹೋಗುವಷ್ಟು ಸಂದಿದ್ದರೂ ಒಪ್ಪದ ಮನುಷ್ಯ. ಸುದ್ದಿ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ಯಾವ ಬಳಿ?”

ನಮ್ಮದು ಅಳಿಯಕಟ್ಟಿನ ಕುಟುಂಬ. ವಂಶ ಹರಿಯುವುದು ತಾಯಿಯಿಂದ. ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ ಎಂದುಕೊಳ್ಳಿ. ಅಮ್ಮನ ಬಳಿಯೇ ಮಕ್ಕಳದ್ದು, ಅಪ್ಪನದು ಬೇರೆ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಮದುವೆಯಲ್ಲಿ ಧಾರೆ ಎರೆಯಬೇಕಾದವರು ಸೋದರಮಾವ. ನನ್ನ ಅಪ್ಪ ಮೂವತ್ತು ವರ್ಷದಿಂದ ಈ ಮನೆಯಲ್ಲಿದ್ದಾರೆ, ಮನೆಯ ಕರೆಂಟು, ನೀರು, ಗ್ಯಾಸು ಎಲ್ಲ ಅವರ ಹೆಸರಿನಲ್ಲೇ ಉಂಟು. ಆದರೆ ಕುಟುಂಬದ ಮಾತು ಬಂದಾಗ ಅವರು ಪರಬಳಿಯವರು. ಎದ್ದು ಫ್ಯಾನಿನ ಸ್ಪೀಡು ಹೆಚ್ಚುಕಡಿಮೆ ಮಾಡಿ ಬಂದು ಕೂರುತ್ತಾರೆ, ಅಷ್ಟೆ.

ತೀರಿಹೋದ ಹಿರಿಯರಿಗೆ ಬಡಿಸುವ ದಿನ ಮಾವ ಕಣ್ಣುಮುಚ್ಚಿ ನಮ್ಮ ಏಳು ತಲೆಮಾರಿನ ತಾಯಂದಿರ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಏಳು ಎಲೆ ಹಾಕಿದ ಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ ಇನ್ನೊಂದು ಸಣ್ಣ ಎಲೆ. ಅದು ಯಾರಿಗೆ ಎಂದರೆ ‘ದಾರಿಯಲ್ಲಿ ಬಂದವರಿಗೆ’. ಎಂಟನೇ ಕ್ಲಾಸಿನಲ್ಲಿದ್ದಾಗ ನಾನು, ಏಳು ಜನ ಇದ್ದರೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದ್ದೆ. ಕೋಳಿಸುಕ್ಕ ಬಡಿಸುವ ಮೊದಲೇ ನನ್ನನ್ನು ಅಂಗಳಕ್ಕೆ ಕಳುಹಿಸಲಾಯಿತು.

ಭಾವನ ತಾಯಿಗೆ ಯಾರೋ ‘ಹುಡುಗಿಯ ಮನೆಯವರು ಕುಟುಂಬದ ಬಗ್ಗೆ ಕೇಳುತ್ತಿದ್ದಾರೆ’ ಎಂದಷ್ಟೇ ಹೇಳಿರಬೇಕು. ಆ ಮಹಾತಾಯಿ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಹತ್ತೇ ದಿನದಲ್ಲಿ ಕೊರಿಯರಿನಲ್ಲಿ ಒಂದು ದಪ್ಪ ಪುಸ್ತಕ ಬಂತು. ಅದರ ಬೆನ್ನಿನಲ್ಲಿ ಮಡಚಿಟ್ಟ ವಂಶವೃಕ್ಷ. ಬಿಡಿಸಿದರೆ ಊಟದ ಮೇಜು ಸಾಲದೆ ಫ್ರಿಜ್ಜಿನವರೆಗೆ ಹೋಯಿತು. ಒಂದು ತುದಿಗೆ ಉಪ್ಪಿನಕಾಯಿ ಭರಣಿ, ಇನ್ನೊಂದಕ್ಕೆ ಟಿವಿಯ ರಿಮೋಟು ಇಟ್ಟು ಭಾನುವಾರ ಬೆಳಿಗ್ಗೆ ಎಲ್ಲರೂ ಸುತ್ತ ನಿಂತೆವು. ಇಂಗ್ಲಿಷ್ ಓದಿ ಅರ್ಥ ಹೇಳುವ ಕೆಲಸ ನನ್ನದು.

ಮೊದಲ ಪುಟದಲ್ಲಿ ಒಂದು ಕೋಟೆಯ ಫೋಟೋ, ಕೆಳಗೆ ‘ನಮ್ಮ ಪೂರ್ವಿಕರ ನೆಲೆ’. ಕೋಟೆಯಲ್ಲಿದ್ದ ಪಾಳೇಗಾರನಿಂದ ಮುನ್ನೂರು ವರ್ಷ ದಾಟಿ ಮುಂದಿನ ಪುಟಕ್ಕೆ ಬಂದರೆ, ಆಲೂಗಡ್ಡೆ ನೆಲದಲ್ಲೇ ಕೊಳೆತ ಬರಗಾಲದಲ್ಲಿ ಹಡಗು ಹತ್ತಿದ ಒಬ್ಬ ಮನುಷ್ಯ. ನಡುವಿನ ಮುನ್ನೂರು ವರ್ಷದಲ್ಲಿ ಏನಾಯಿತೆಂಬ ಬಗ್ಗೆ ಪುಸ್ತಕ ಗಂಭೀರವಾದ ಮೌನ ವಹಿಸುತ್ತದೆ. ಹಡಗಿನಿಂದ ಇಳಿದವನು ‘ಸಾರ್ವಜನಿಕ ಕಾಮಗಾರಿಗಳಲ್ಲಿ ತೊಡಗಿಕೊಂಡನು’. ಅಂದರೆ ಕಾಲುವೆ ಅಗೆದ. ಅವನ ಮಗ ‘ಸಮಾಜದ ಎಲ್ಲ ಸ್ತರದ ಜನರ ಒಡನಾಟವುಳ್ಳವನು’. ಅಂದರೆ ಸಾರಾಯಿ ಅಂಗಡಿ ಇಟ್ಟ. ಆಮೇಲೆ ಒಬ್ಬ ಪೊಲೀಸ್, ಇಬ್ಬರು ಅಗ್ನಿಶಾಮಕದವರು, ‘ಸ್ಥಳೀಯ ರಾಜಕಾರಣಕ್ಕೆ ತನ್ನ ದನಿಯನ್ನು ಕೊಟ್ಟ’ ಇನ್ನೊಬ್ಬ. ಈ ಕೊನೆಯವನು ಚುನಾವಣೆಯಲ್ಲಿ ಮೈಕು ಹಿಡಿದವನೆಂದು ನನ್ನ ಊಹೆ.

ನಗಲು ನಮಗೆ ಹಕ್ಕಿರಲಿಲ್ಲ ಬಿಡಿ. ‘ನಮ್ಮದು ದೊಡ್ಡ ಜಮೀನಿನ ಮನೆ’ ಎಂದು ಮಾವ ಹೇಳುವ ಜಮೀನಿನಲ್ಲಿ ಈಗ ಮೂರು ಟಯರ್ ಅಂಗಡಿ, ಒಂದು ಪೆಟ್ರೋಲ್ ಬಂಕ್ ಉಂಟು. ಯಾವುದೂ ನಮ್ಮದಲ್ಲ.

ಮಾವ ಕೋಟೆ ನೋಡಲಿಲ್ಲ. ಕನ್ನಡಕ ಏರಿಸಿ, ಭಾವನ ಹೆಸರಿನ ಮೇಲೆ ಬೆರಳಿಟ್ಟು, ನಮ್ಮ ಕ್ರಮದಂತೆ ತಾಯಿಯ ಕಡೆಗೆ ಬೆರಳು ಸರಿಸಿದರು.

“ಇದು ಅವನ ಅಮ್ಮ. ಸರಿ. ಇವರ ಅಮ್ಮ ಯಾರು?”

“ಬರೆದಿಲ್ಲ ಮಾವ.”

“ಅವನ ಅಪ್ಪನ ಅಮ್ಮ?”

“ಹೆಸರು ಉಂಟು. ಅವರ ಅಮ್ಮನದ್ದು ಇಲ್ಲ.”

“ಈ ಪೊಲೀಸಿನವನ ಹೆಂಡತಿ? ಈ ಸಾರಾಯಿಯವನದ್ದು?”

ಬೆರಳು ಫ್ರಿಜ್ಜಿನವರೆಗೆ ಹೋಗಿ ಬಂತು. ಪ್ರತಿಯೊಬ್ಬ ಗಂಡಸಿನ ಪಕ್ಕದಲ್ಲಿ ಒಂದು ಸಣ್ಣ ಚೌಕ, ಅದರಲ್ಲೊಂದು ಹೆಣ್ಣಿನ ಹೆಸರು. ಅವಳ ಹಿಂದೆ ಖಾಲಿ ಕಾಗದ.

“ಇದೆಂತ ಮಾರಾಯ್ತಿ! ಇವರಿಗೆ ಅಮ್ಮಂದಿರೇ ಇರಲಿಲ್ಲವಾ? ಗಂಡಸರೇ ಹೆತ್ತದ್ದಾ?” ಎಂದರು ಮಾವ. “ಬಳಿ ಗೊತ್ತಿಲ್ಲದವನಿಗೆ ನಾನು ಧಾರೆ ಎರೆಯುವುದಿಲ್ಲ. ಒಂದು ವೇಳೆ ನಮ್ಮದೇ ಬಳಿಯಾದರೆ?”

“ಮಾವ, ಅವನು ಐರ್ಲೆಂಡಿನವನು. ನಮ್ಮ ಬಳಿ ಹೇಗೆ ಆಗ್ತಾನೆ?”

“ಅಲ್ಲ ಅಂತ ಹೇಗೆ ಹೇಳ್ತಿ? ಹಡಗು ಎಲ್ಲಿಂದ ಎಲ್ಲಿಗೆ ಹೋಗಿದೆಯೋ.”

“ಇದು ವಾದವಾ?”

“ಅಕ್ಕನ ಜಾತಕಕ್ಕೆ ದೋಷ ಉಂಟು ಅಂದ ಜೋಯಿಸರಿಗೆ ನೀನು ಎಂತ ಹೇಳಿದ್ದು ಲಾಯರಮ್ಮ? ‘ಹೇಳಿದವರೇ ಸಾಬೀತು ಮಾಡಬೇಕು’ ಅಂತ ಅಲ್ವಾ? ಪಾಪ, ಆ ಮನುಷ್ಯ ಕಾಫಿ ಸಹ ಕುಡಿಯದೆ ಹೋದರು. ಈಗ ಬೇರೆ ಬಳಿ ಅಂತ ಹೇಳುವವಳು ನೀನು. ಸಾಬೀತು ಮಾಡು.”

ನನ್ನದೇ ಸೂತ್ರ ನನ್ನ ಕುತ್ತಿಗೆಗೆ. ಅಪ್ಪ ಎದ್ದು ಫ್ಯಾನು ಜೋರು ಮಾಡಿದರು. ಫ್ರಿಜ್ಜಿನ ಬಳಿಯಿದ್ದ ಪಾಳೇಗಾರ ಹಾರಿಹೋದ.

ಸಂಜೆ ಅಕ್ಕನ ಫೋನ್ ಬಂತು. ನಾನು ಮಾವನ ವಾದದಲ್ಲಿದ್ದ ತಪ್ಪುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಮಕ್ಕಳಿಗೆ ಹೇಗೂ ಅಕ್ಕನ ಬಳಿಯೇ ಬರುವುದು, ಹಾಗಾಗಿ ಗಂಡನ ಬಳಿ ಇಲ್ಲದಿದ್ದರೂ ನಷ್ಟವಿಲ್ಲ, ಎಂದು ಎರಡನೆಯದಕ್ಕೆ ಬರುವಷ್ಟರಲ್ಲಿ ಅವಳು ತಡೆದಳು.

“ನೀನು ಗೆಲ್ಲಬೇಡ ಮಾರಾಯ್ತಿ. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಲಿಕ್ಕೆ ನನಗೆ ಯಾರೂ ಬೇಡ. ಮಾವ ಧಾರೆ ಎರೆಯಬೇಕು ಅಂತ ನನಗೆ ಆಸೆ ಅಷ್ಟೆ. ಅವರನ್ನು ಮಂಟಪಕ್ಕೆ ತಾ, ಸಾಕು.”

ಅವಳ ಆಸೆಗೆ ಕಾರಣ ಉಂಟು. ಹತ್ತನೇ ಕ್ಲಾಸಿನ ಪರೀಕ್ಷೆಗೆ ವಾರವಿರುವಾಗ ಅವಳ ಕಾಲು ಮುರಿದಿತ್ತು. ಆರು ಪರೀಕ್ಷೆಗೂ ಮಾವ ಕಾರ್ಖಾನೆಗೆ ಬೀಗ ಹಾಕಿ ಬಂದು, ಅವಳನ್ನು ಎರಡನೇ ಮಾಳಿಗೆಗೆ ಎತ್ತಿಕೊಂಡು ಹೋಗಿ ಕೂರಿಸಿ, ಗೇಟಿನ ಹೊರಗೆ ಮೂರು ಗಂಟೆ ನಿಂತಿರುತ್ತಿದ್ದರು. ಅವಳು ಫಿಸಿಯೋಥೆರಪಿ ಕಲಿತದ್ದೂ ಆ ಕಾಲಿನಿಂದಲೇ.

ಭಾವನ ತಾಯಿಗೆ ಒಂದು ಇಮೇಲ್ ಬರೆದೆ. ಮರುದಿನ ಓದಿ ನೋಡಿದರೆ ಅದು ಎದುರು ಪಕ್ಷಕ್ಕೆ ಕಳುಹಿಸುವ ನೋಟೀಸಿನ ಹಾಗೇ ಇತ್ತು: ತಮ್ಮ ತಾಯಿ ಯಾರು, ತಾಯಿಯ ತಾಯಿ ಯಾರು, ಅವರ ತಾಯಿ ಯಾರು, ಪ್ರತಿಯೊಂದಕ್ಕೂ ದಾಖಲೆ ಏನು. ಉತ್ತರ ಮಾತ್ರ ಬೆಚ್ಚಗೆ ಬಂತು. ಇದನ್ನು ತನ್ನನ್ನು ಯಾರೂ ಕೇಳಿರಲಿಲ್ಲ, ಗಂಡನ ಮನೆಯ ಹೆಸರು ಎಲ್ಲಿಂದ ಬಂತೆಂದು ಹುಡುಕುತ್ತಲೇ ಇಪ್ಪತ್ತು ವರ್ಷ ಹೋಯಿತು ಎಂದಿದ್ದರು. ತನ್ನ ತಾಯಿ ಎಂಬತ್ತೆಂಟರಲ್ಲೂ ಜೊತೆಗೇ ಇದ್ದಾರೆ, ಕಿವಿ ಮಾತ್ರ ಮಂದ. ಆ ತಾಯಿಯ ತಾಯಿ, ಐರ್ಲೆಂಡಿನ ಒಬ್ಬ ಶಾಲಾಮಾಸ್ತರರ ಮಗಳು, ಹದಿನಾರರಲ್ಲಿ ಒಬ್ಬಳೇ ಹಡಗಿನಲ್ಲಿ ಬಂದವಳು.

ಅಲ್ಲಿಂದ ಮುಂದೆ ನಾನೇ ಹುಡುಕಿದೆ. ಹಳೆಯ ಕಾಗದಗಳನ್ನೆಲ್ಲ ಅವರು ಇಂಟರ್‌ನೆಟ್ಟಿನಲ್ಲಿ ಹಾಕಿಟ್ಟಿದ್ದಾರೆ. ನಾಡಕಚೇರಿಯಲ್ಲಿ ಒಂದು ಮರಣ ಪ್ರಮಾಣಪತ್ರಕ್ಕೆ ನಾಲ್ಕು ಸಲ ಹೋಗಿ ಬರುವ ನನಗೆ ಅದೊಂದು ಸ್ವರ್ಗ. ಹಡಗಿನ ಪಟ್ಟಿಯಲ್ಲಿ ಹುಡುಗಿ ಸಿಕ್ಕಿದಳು. ಉದ್ಯೋಗ: ಮನೆಗೆಲಸ. ಹೊರಟ ಸ್ಥಳ: ಸನ್ಯಾಸಿನಿಯರು ನಡೆಸುವ ಅನಾಥಾಲಯ. ಅವಳ ಮದುವೆಯ ದಾಖಲೆಯಲ್ಲಿ ತಾಯಿಯ ಹೆಸರಿನ ಎದುರು ಸುಂದರವಾದ ಕೈಬರಹದಲ್ಲಿ ‘ಗೊತ್ತಿಲ್ಲ’. ತಂದೆಯ ಎದುರೂ ಅದೇ. ಮಾಸ್ತರು ಎಲ್ಲಿಯೂ ಇಲ್ಲ. ಹುಡುಕುವ ಹುಮ್ಮಸ್ಸು ಏರಿತ್ತು, ಕೋಟೆಯನ್ನೂ ಹುಡುಕಿದೆ. ಅದು ಹೋಟೆಲಂತೆ. ಹಡಗು ಹತ್ತಿದವನ ಮೊಮ್ಮಗನ ಕಾಲದಲ್ಲಿ ಕೋಟೆಯ ಆಕಾರದಲ್ಲಿ ಕಟ್ಟಿಸಿದ್ದು.

ಮುಂದಿನ ಭಾನುವಾರ ನಮ್ಮ ಸಂಜೆ, ಅವರ ಬೆಳಿಗ್ಗೆ, ವಿಡಿಯೋ ಕಾಲ್. ಒಂದು ಚೌಕದಲ್ಲಿ ದೋಹಾದಿಂದ ಅಕ್ಕ ಮತ್ತು ಭಾವ. ಇನ್ನೊಂದರಲ್ಲಿ ಅವನ ತಾಯಿ, ಪಕ್ಕದಲ್ಲಿ ಶಾಲು ಹೊದ್ದ ಅಜ್ಜಿ. ಈ ಕಡೆ ಸೋಫಾದಲ್ಲಿ ಅಮ್ಮ, ಅಪ್ಪ, ನಡುವೆ ನ್ಯಾಯಾಧೀಶರ ಹಾಗೆ ಮಾವ.

‘ಹಡಗಿನ ಹುಡುಗಿಯಿಂದ ಹಿಂದೆ ದಾಖಲೆ ಇಲ್ಲ’ ಎಂದು ಹೇಳಿ ನಾನು ಕೂತಿದ್ದರೆ ಆಗುತ್ತಿತ್ತು. ಆದರೆ ಐದು ವರ್ಷ ಕಲಿತ ವಿದ್ಯೆ. ಎದುರಿನವರ ಹತ್ತಿರ ಒಂದು ಸುಳ್ಳು ಸಿಕ್ಕಿದರೆ ಅದನ್ನು ಬಿಟ್ಟು ಕೂರಲು ಯಾರೂ ನನಗೆ ಕಲಿಸಿರಲಿಲ್ಲ. ಮೊದಲನೆಯದಾಗಿ ಕೋಟೆ ಎಂದೆ. ಎರಡನೆಯದಾಗಿ ಮಾಸ್ತರು ಎಂದೆ. ಮೂರನೆಯದಾಗಿ ಅನಾಥಾಲಯ. ಸ್ಕ್ರೀನಿನಲ್ಲಿ ದಾಖಲೆ ತೋರಿಸಿ ‘ಗೊತ್ತಿಲ್ಲ’ ಎಂಬಲ್ಲಿಗೆ ಬಾಣದ ಗುರುತು ಹಾಕಿದ್ದೆ. ಕೆಂಪು ಬಾಣ.

ಭಾವನ ತಾಯಿಯ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು, ಒಳಗಿನಿಂದ ಯಾರೋ ಎದ್ದು ಹೋದ ಹಾಗೆ.

“ಅವಳು ಏನು ಹೇಳಿದಳು?” ಎಂದು ಅಜ್ಜಿ ಕೇಳಿದರು.

ಮಗಳು ಅವರ ಕಿವಿಯ ಹತ್ತಿರ ಬಾಗಿ, ‘ಅನಾಥಾಲಯ’ ಎಂಬ ಶಬ್ದವನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಯೋಚಿಸಿ ಕೊಡಲು ಸಾಧ್ಯವಿರಲಿಲ್ಲ.

“ಓ, ಅದಾ? ಅಮ್ಮ ನನಗೆ ಹೇಳಿದ್ದಳು. ಯಾರಿಗೂ ಹೇಳಬೇಡ ಅಂದಿದ್ದಳು,” ಎಂದರು ಅಜ್ಜಿ. “ಮಾಸ್ತರರನ್ನು ಮಾಡಿದ್ದು ನಾನೇ. ಶಾಲೆಯಲ್ಲಿ ‘ನನ್ನ ಅಜ್ಜ’ ಅಂತ ಪ್ರಬಂಧ ಬರೆಯಲಿಕ್ಕಿತ್ತು. ಬಹುಮಾನ ಬಂತು.”

ಎಪ್ಪತ್ತೆಂಟು ವರ್ಷ ಹಿಂದಿನ ಪ್ರಬಂಧದಿಂದ ಒಬ್ಬ ಮುತ್ತಜ್ಜ ಹುಟ್ಟಿ, ಮನೆಮಾತಿನಲ್ಲಿ ಬೆಳೆದು, ನಮ್ಮ ಇಮೇಲಿನವರೆಗೆ ನಡೆದುಬಂದಿದ್ದ. ನನಗೆ ನಗು ಬಂತು, ಆದರೆ ನಗುವ ಸಮಯ ಅದಾಗಿರಲಿಲ್ಲ. ಭಾವನ ತಾಯಿ ಕಣ್ಣು ಒರೆಸಿಕೊಂಡು, “ಕ್ಷಮಿಸಿ, ನಾವು ನಿಮ್ಮ ಮನೆಗೆ ತಕ್ಕವರಲ್ಲವೋ ಏನೋ,” ಎಂದು ಎದ್ದು ಚೌಕದಿಂದ ಹೊರಗೆ ಹೋದರು. ಖಾಲಿ ಕುರ್ಚಿ ಉಳಿಯಿತು. ಭಾವ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಕ್ಕ ಮ್ಯೂಟ್ ತೆಗೆಯದೆ ಏನೋ ಹೇಳುತ್ತಿದ್ದಳು. ನನಗೇ ಹೇಳುತ್ತಿದ್ದಾಳೆಂದು ತಿಳಿಯಲು ದನಿ ಬೇಕಿರಲಿಲ್ಲ.

ಆಗ ಮಾವ ಮುಂದಕ್ಕೆ ಬಾಗಿದರು. ಡಬ್ಬ ಕೊಳ್ಳುವವರೊಡನೆ ಮಾತಾಡಿ ಕಲಿತ ಇಂಗ್ಲಿಷ್ ಅವರದು, ಕ್ರಿಯಾಪದ ಕಡಿಮೆ, ಮರ್ಯಾದೆ ಹೆಚ್ಚು. ಕನ್ನಡದಲ್ಲಿ ಹೇಳಿದರೆ ಹೀಗೆ:

“ಮೇಡಂ, ಒಂದು ನಿಮಿಷ. ಹೋಗಬೇಡಿ. ನಮ್ಮ ಮನೆಗೂ ಒಂದು ಹುಡುಗಿ ಹಾಗೆಯೇ ಬಂದದ್ದು.”

ಕುರ್ಚಿ ಖಾಲಿಯೇ ಇತ್ತು. ಮಾವ ಕುರ್ಚಿಗೇ ಹೇಳಿದರು.

“ಐದು ತಲೆಮಾರಿನ ಹಿಂದೆ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ, ಎಲ್ಲ ಗಂಡು. ನಮ್ಮಲ್ಲಿ ಹೆಣ್ಣಿಲ್ಲದಿದ್ದರೆ ಮನೆ ಮುಗಿಯಿತು. ಆಗ ಉಪ್ಪಿನ ದೋಣಿಯವರ ಜೊತೆ ಒಂದು ಹುಡುಗಿ ಬಂತು. ಯಾರ ಮಗಳೋ ಗೊತ್ತಿಲ್ಲ. ಹೊಸ್ತಿಲಲ್ಲಿ ಕೂತಿತ್ತು. ನೀರು ಕೊಟ್ಟರು, ಸೀರೆ ಕೊಟ್ಟರು, ಬಳಿ ಕೊಟ್ಟರು. ನಾನು, ನನ್ನ ತಂಗಿ, ನಿಮ್ಮ ಸೊಸೆ, ಈ ಲಾಯರಮ್ಮ, ಎಲ್ಲ ಅವಳ ಮಕ್ಕಳು.”

ಅಮ್ಮ ತುಳುವಿಗೆ ಹಾರಿದರು. “ಅಣ್ಣಾ! ಇದು ನನಗೇ ಹೇಳಲಿಲ್ಲವಲ್ಲ ನೀವು!”

“ನಿನಗೆ ಹೇಳಿದರೆ ನಿನ್ನ ಮಗಳಿಗೆ ಹೇಳಿದ ಹಾಗೆ. ಅವಳು ಕೆಂಪು ಬಾಣ ಹಾಕ್ತಿದ್ದಳು.”

ಅಮೆರಿಕದ ಅಜ್ಜಿಗೆ ಅಷ್ಟೂ ಕೇಳಿಸಿತೋ ಇಲ್ಲವೋ, ಕ್ಯಾಮೆರಾದ ತೀರಾ ಹತ್ತಿರ ಬಂದು, “ಆ ಹುಡುಗಿಯ ನಿಜವಾದ ಹೆಸರೇನು?” ಎಂದು ಕೇಳಿದರು.

“ಕೇಳಲಿಲ್ಲ ಅಮ್ಮ,” ಎಂದು ಮಾವ ಕೂಗಿ ಹೇಳಿದರು. “ಮನೆಗೆ ಬಂದವರನ್ನು ಹಾಗೆಲ್ಲ ಕೇಳಬಾರದು ಅಂತ ಇತ್ತು.” ಹೇಳಿ ನನ್ನ ಕಡೆ ನೋಡಿದರು.

ಭಾವನ ತಾಯಿ ಬಂದು ಕುರ್ಚಿಯಲ್ಲಿ ಕೂತರು. ಮೂಗು ಕೆಂಪಾಗಿತ್ತು. ಕೈಯಲ್ಲಿ ಪೆನ್ನಿತ್ತು. ‘ಉಪ್ಪಿನ ದೋಣಿ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ಕೇಳಿದರು. ಇಪ್ಪತ್ತು ವರ್ಷದ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕಾಲ್ ಮುಗಿದ ಮೇಲೆ ನಾನು ಕೇಳಿದೆ, “ಮಾವ, ದೋಣಿಯಲ್ಲಿ ಬಂದ ನಮ್ಮ ಅಜ್ಜಿಗೇ ಬಳಿ ಇರಲಿಲ್ಲ. ಮತ್ತೆ ಇಷ್ಟು ದಿನ ಆ ಜನದ ಹತ್ತಿರ ಬಳಿ ಕೇಳಿದ್ದು ಯಾಕೆ?”

“ಇಲ್ಲದವನಿಗೆ ಕೊಡಲಿಕ್ಕೆ ಕ್ರಮ ಉಂಟು. ಇಲ್ಲ ಅಂತ ಅವರ ಬಾಯಿಯಲ್ಲಿ ಬರಬೇಕಲ್ಲ? ಕೋಟೆ ಹೊತ್ತುಕೊಂಡು ಬಂದವನಿಗೆ ಹೊಸ್ತಿಲಲ್ಲಿ ನೀರು ಕೊಡುವುದು ಹೇಗೆ ಮಾರಾಯ್ತಿ?”

ಒಂದು ತೊಡಕು ಉಳಿಯಿತು. ಬಳಿ ಕೊಡುವುದೇನೋ ಸರಿ, ಆದರೆ ನಮ್ಮ ಬಳಿ ಕೊಟ್ಟರೆ ಭಾವ ಅಕ್ಕನಿಗೆ ಅಣ್ಣನಾಗುತ್ತಾನೆ. ಹಾಗಾದರೆ ಯಾರದು? ಮಾವ ಪರಿಚಯದ ಮನೆಗಳನ್ನು ಒಂದೊಂದಾಗಿ ಹೇಳಿ ತಳ್ಳಿಹಾಕುತ್ತಿದ್ದರು. ಒಬ್ಬರ ಮೇಲೆ ಸಿಟ್ಟು, ಇನ್ನೊಬ್ಬರು ಕೇಳಿದರೆ ಜಂಬ ಮಾಡಿಯಾರು. ಫ್ಯಾನಿನ ಹತ್ತಿರ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡರು.

“ನನ್ನದು ಒಂದು ಬಳಿ ಉಂಟು,” ಎಂದರು. “ಇಷ್ಟು ವರ್ಷ ಯಾರೂ ಕೇಳಲಿಲ್ಲ. ಬೇಕಾದರೆ.”

ಮೂವತ್ತು ವರ್ಷದಲ್ಲಿ ಮೊದಲ ಸಲ ಮಾವ ತಾವೇ ಎದ್ದು ಹೋಗಿ ಫ್ಯಾನಿನ ಸ್ಪೀಡು ಕಡಿಮೆ ಮಾಡಿದರು.

ಹಾಗೆ ಬಜಪೆಯಲ್ಲಿರುವ ಅಪ್ಪನ ಅಕ್ಕ, ನನ್ನ ಅತ್ತೆ, ಭಾವನನ್ನು ಮಗನಾಗಿ ಸ್ವೀಕರಿಸುವುದೆಂದು ಆಯಿತು. ಈ ಅತ್ತೆಗೆ ಅಕ್ಕನನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಬಹಳ ಆಸೆಯಿತ್ತು. ಅತ್ತೆಯ ಮಗ ಎಂದರೆ ನಮ್ಮಲ್ಲಿ ಕೇಳದೆಯೇ ವರ. ಆ ಮಗ ಬೇರೆಲ್ಲೋ ಮದುವೆಯಾಗಿದ್ದ. ಮದುವೆಯ ಹಿಂದಿನ ದಿನ ಭಾವ, ತಾಯಿ, ಅಜ್ಜಿ ವಿಮಾನ ಇಳಿದು ನೇರವಾಗಿ ಅತ್ತೆಯ ಮನೆಗೇ ಹೋದರು. ಬಳಿಗೆ ಸೇರಿಸುವ ಕ್ರಮ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಿದ್ದವರಂತೆ ಎಲ್ಲರೂ ಮಾತಾಡಿದರು. ಆರಡಿಯ ಭಾವನನ್ನು ಮಡಿಲಲ್ಲಿ ಕೂರಿಸಬೇಕೆಂದು ಒಬ್ಬರು, ಅತ್ತೆಯ ಮಂಡಿಗೆ ಆಪರೇಷನ್ ಆಗಿದೆ ಎಂದು ಇನ್ನೊಬ್ಬರು. ಕೊನೆಗೆ ಹೊಸ್ತಿಲಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಹೊಸ ಪಂಚೆ ಕೊಟ್ಟರು. ಭಾವ ಎರಡು ಲೋಟ ನೀರು ಕುಡಿದ. ಆಮೇಲೆ ಮನೆಗೆ ಹಿಂದಿನ ಬಾಗಿಲು ಉಂಟಾ ಎಂದು ವಿಚಾರಿಸಿದ. ಬೆಂಕಿಯ ಕೆಲಸದ ಅಭ್ಯಾಸ.

“ನೋಡಿ, ಕೊನೆಗೂ ನನ್ನ ಮಗನಿಗೇ ಬಂದಳಲ್ಲ!” ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡರು. ಭಾವನ ತಾಯಿ ಅದನ್ನೂ ಬರೆದುಕೊಂಡರು. ವೃಕ್ಷದಲ್ಲಿ ಇವರನ್ನು ಎಲ್ಲಿ ಹಾಕುವುದೆಂದು ನನ್ನನ್ನು ಕೇಳಿದರು. ನಾನು ಬರೆದ ವಂಶವೃಕ್ಷಗಳಲ್ಲೂ ಇಂಥ ಗೆರೆ ಬಂದಿರಲಿಲ್ಲ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಉಪ್ಪಿನ ದೋಣಿಯ ಕಥೆಗೆ ನನ್ನ ಹತ್ತಿರ ದಾಖಲೆ ಇಲ್ಲ. ಅಮ್ಮನಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ, ಯಾವ ಕಾಗದದಲ್ಲೂ ಇಲ್ಲ. ಅಳುತ್ತಾ ಎದ್ದುಹೋದ ಒಬ್ಬ ಹೆಂಗಸನ್ನು ಕುರ್ಚಿಗೆ ಮರಳಿ ಕೂರಿಸಲು ಮಾವ ಆ ನಿಮಿಷದಲ್ಲೇ ಹೊಸೆದದ್ದಾಗಿರಬಹುದು. ಅಜ್ಜಿಯ ಮಾಸ್ತರರ ಹಾಗೆ. ನನ್ನ ಕೈಯಲ್ಲಿರುವ ಏಕೈಕ ಸಾಕ್ಷಿ ಹೊಸ್ತಿಲ ಹತ್ತಿರದ ಆ ಸಣ್ಣ ಎಲೆ. ಕೋರ್ಟಿನಲ್ಲಿ ಅದು ಐದು ನಿಮಿಷ ನಿಲ್ಲುವುದಿಲ್ಲ. ನಾನೇ ಎದುರು ಪಕ್ಷದಲ್ಲಿದ್ದರೆ ಎರಡು ನಿಮಿಷ.

ಮದುವೆಯ ದಿನ ಅಮೆರಿಕದ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅರ್ಥ ಹೇಳಲು ನನ್ನನ್ನು ಪಕ್ಕಕ್ಕೆ ಹಾಕಿದ್ದರು. ಮಂಟಪದಲ್ಲಿ ಅಕ್ಕ, ಭಾವ ಕೈಮೇಲೆ ಕೈಯಿಟ್ಟು ನಿಂತಿದ್ದರು. ಮಾವ ನೀರಿನ ಗಿಂಡಿ ಹಿಡಿದಿದ್ದರು. ಆರು ಪರೀಕ್ಷೆಗೆ ಅವಳನ್ನು ಎತ್ತಿಕೊಂಡು ಹೋದ ಕೈಯಲ್ಲೇ. ವಾದ್ಯದವರು ನಿಲ್ಲಿಸಿದರು. ಮಾವ ಕಣ್ಣುಮುಚ್ಚಿ ಏಳು ತಾಯಂದಿರ ಹೆಸರು ಹೇಳತೊಡಗಿದರು.

ಅಜ್ಜಿ ನನ್ನ ಮೊಣಕೈ ಹಿಡಿದು, ಕಿವಿ ಮಂದವಾದವರ ಪಿಸುಮಾತಿನಲ್ಲಿ, ಅಂದರೆ ಇಡೀ ಹಾಲಿಗೆ ಕೇಳುವಂತೆ, “ದೋಣಿಯಲ್ಲಿ ಬಂದವಳು ಇವರಲ್ಲಿ ಯಾರು?” ಎಂದರು.

‘ಅದಕ್ಕೆ ಆಧಾರ ಇಲ್ಲ’ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅಕ್ಕ ಮಂಟಪದಿಂದ ನನ್ನನ್ನೇ ನೋಡುತ್ತಿದ್ದಳು.

“ಐದನೆಯವರು,” ಎಂದೆ. “ಈಗ ಹೇಳಿದರಲ್ಲ, ಅವರೇ.”

ಮಾವ ಒಂದು ಕಣ್ಣು ತೆರೆದರು.

“ಸಾಕ್ಷಿ ಉಂಟಾ ಲಾಯರಮ್ಮ?”

“ಮಾವ, ನೀವು ನೀರು ಬಿಡಿ,” ಎಂದೆ. ಬಿಟ್ಟರು.